ಹಳೆ ಮನೆಗೆ ಹೊಸ ವೈರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಮನೆಗೆ ಬಣ್ಣ ಬಳಿಸುವಾಗ ಇರುವ ಉತ್ಸಾಹ ಗೋಡೆಯೊಳಗಿನ ವೈರಿನ ಮಾತು ಬಂದಾಗ ಇರುವುದಿಲ್ಲ. ವೈರು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ. ನಾವೂ ಮೊದಲು ಬಣ್ಣ ಬಳಿಸಿ, ಆಮೇಲೆ ವೈರಿಂಗ್‌ಗೆ ಕೈ ಹಾಕಿದೆವು. ಬಳಿದ ಗೋಡೆಯನ್ನೇ ಮತ್ತೆ ಕೊರೆಯಬೇಕಾಯಿತು. ಕೆಲಸ ನಡೆದಷ್ಟೂ ದಿನ ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ನಿಂತು ನೋಡಿದೆ, ಕೇಳಿದೆ, ಆಮೇಲೆ ಓದಿಯೂ ತಿಳಿದುಕೊಂಡೆ. ಗೆಳೆಯರು, ನೆಂಟರು ಈಗಲೂ ನನ್ನನ್ನು ಕೇಳುವ ಪ್ರಶ್ನೆಗಳೇ ಇಲ್ಲಿವೆ.

ಮನೆ ಹಳೆಯದು ನಿಜ. ಆದರೆ ಎಲ್ಲ ಲೈಟೂ ಉರಿಯುತ್ತಿದೆ, ಫ್ಯಾನೂ ತಿರುಗುತ್ತಿದೆ. ಸುಮ್ನೆ ಯಾಕೆ ಕೈ ಹಾಕಬೇಕು?

ಲೈಟ್ ಉರಿಯುತ್ತಿದೆ ಅಂದರೆ ಕರೆಂಟ್ ಹೋಗುತ್ತಿದೆ ಅಂತ ಮಾತ್ರ ಅರ್ಥ. ಏನಾದರೂ ಕೆಟ್ಟಾಗ ಆ ಕರೆಂಟ್ ತಕ್ಷಣ ನಿಲ್ಲುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ಹಳೆ ಮನೆಗಳು ಸೋಲುವುದು ಅಲ್ಲೇ.

ಇನ್ನೊಂದು ವಿಷಯ ಲೋಡಿನದು. ಆ ಮನೆ ಕಟ್ಟಿದಾಗ ಕೋಣೆಗೊಂದು ಬಲ್ಬು, ಎಲ್ಲೋ ಒಂದು ಪ್ಲಗ್ ಪಾಯಿಂಟ್ ಸಾಕಾಗಿತ್ತು. 60 ವ್ಯಾಟಿನ ಬಲ್ಬು 230 ವೋಲ್ಟಿನಲ್ಲಿ ಎಳೆಯುವುದು ಕಾಲು ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಈಗ ಅದೇ ವೈರಿಗೆ 2000 ವ್ಯಾಟಿನ ಹೀಟರ್ ಸಿಕ್ಕಿಸುತ್ತೇವೆ. ಅದು ಎಳೆಯುವುದು 8.7 ಆಂಪಿಯರ್. 120 ವೋಲ್ಟ್ ಇರುವ ದೇಶದಲ್ಲಾದರೆ ಇಷ್ಟೇ ವ್ಯಾಟಿನ ಹೀಟರ್ ಸುಮಾರು 16.7 ಆಂಪಿಯರ್ ಎಳೆಯುತ್ತದೆ. ಜೊತೆಗೆ ಫ್ರಿಜ್, ವಾಷಿಂಗ್ ಮಷಿನ್, ಓವನ್ ಎಲ್ಲ ಇರುತ್ತವೆ ಅಲ್ವಾ? ವೈರು ಅಷ್ಟೇ ದಪ್ಪ ಇದೆ. ಅದರ ಮೇಲಿನ ಭಾರ ಎಷ್ಟೋ ಪಟ್ಟು ಏರಿದೆ.

ಯಾವ ಲಕ್ಷಣ ಕಂಡರೆ ತಡ ಮಾಡಬಾರದು?

ಮೀನು ಕೊಳೆತಂಥ ಅಥವಾ ಪ್ಲಾಸ್ಟಿಕ್ ಸುಟ್ಟಂಥ ವಾಸನೆ. ಮುಟ್ಟಿದರೆ ಬಿಸಿ ಅನ್ನಿಸುವ ಪ್ಲಗ್ ಅಥವಾ ಸ್ವಿಚ್. ಸ್ವಿಚ್ ಬೋರ್ಡಿನೊಳಗೆ ಚಟಚಟ ಸದ್ದು. ಸಾಕೆಟ್ ತೂತಿನ ಸುತ್ತ ಕಂದು ಬಣ್ಣದ ಕಲೆ. ನಲ್ಲಿ ಅಥವಾ ಫ್ರಿಜ್ ಮುಟ್ಟಿದಾಗ ಜುಮ್ ಅನ್ನುವುದು. ಇವುಗಳಲ್ಲಿ ಒಂದು ಕಂಡರೂ ಆ ಸರ್ಕ್ಯೂಟ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ. ‘ಭಾನುವಾರ ನೋಡೋಣ’ ಅನ್ನುವ ಮಾತು ಇಲ್ಲಿ ಬೇಡ.

ಇನ್ನೊಂದು ಲಕ್ಷಣ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಒಂದು ಕೋಣೆಯ ಲೈಟ್ ಮಂಕಾದಾಗಲೇ ಇನ್ನೊಂದು ಕೋಣೆಯದು ಇದ್ದಕ್ಕಿದ್ದಂತೆ ಜೋರಾಗಿ ಬೆಳಗಿದರೆ ಮೇನ್ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಸಡಿಲವಾಗಿರಬಹುದು. ತ್ರೀ ಫೇಸ್ ಇರುವ ಮನೆಯಲ್ಲಿ ನ್ಯೂಟ್ರಲ್ ಪೂರ್ತಿ ಕಿತ್ತುಹೋದರೆ 230 ವೋಲ್ಟಿನ ಸಾಮಾನಿಗೆ 400ರ ಹತ್ತಿರ ವೋಲ್ಟ್ ಬೀಳಬಹುದು. ಟಿವಿ, ಫ್ರಿಜ್ ಎಲ್ಲ ಒಟ್ಟಿಗೇ ಸುಟ್ಟುಹೋಗುವುದು ಹೀಗೆ. ಇಂಥದ್ದು ಕಂಡ ಕೂಡಲೇ ಮೇನ್ ಆಫ್ ಮಾಡಿ. ತಪ್ಪು ಮನೆಯ ಹೊರಗಿನ ಲೈನಿನಲ್ಲೂ ಇರಬಹುದು. ಹಾಗಾಗಿ ಕರೆಂಟ್ ಕಂಪನಿಗೂ ಹೇಳಿ.

ಫ್ಯೂಸ್ ಇದೆಯಲ್ಲ, ತಪ್ಪಾದರೆ ಅದೇ ಹೋಗುತ್ತದೆ. ಮತ್ತೆ ಬೆಂಕಿ ಹೊತ್ತಿಕೊಳ್ಳುವುದು ಹೇಗೆ?

ಈ ಒಂದು ಪ್ರಶ್ನೆಗೆ ಉತ್ತರ ತಿಳಿದರೆ ಅರ್ಧ ವಿಷಯ ತಿಳಿದ ಹಾಗೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಫ್ಯೂಸಾಗಲಿ ಎಂಸಿಬಿಯಾಗಲಿ (ಫ್ಯೂಸಿನ ಬದಲು ಹಾಕುವ, ತಾನಾಗಿಯೇ ಆಫ್ ಆಗಿ ಬೀಳುವ ಸ್ವಿಚ್) ನೋಡುವುದು ಒಂದನ್ನೇ: ಕರೆಂಟ್ ಜಾಸ್ತಿ ಹರಿಯುತ್ತಿದೆಯಾ? ಶಾರ್ಟ್ ಆದರೆ ಜಾಸ್ತಿ ಹರಿಯುತ್ತದೆ, ಫ್ಯೂಸ್ ಹೋಗುತ್ತದೆ. ಲೋಡ್ ಹೆಚ್ಚಾದರೂ ಹೋಗುತ್ತದೆ. ಆದರೆ ಜಾಯಿಂಟ್ ಸಡಿಲವಾದರೆ ಕರೆಂಟ್ ಜಾಸ್ತಿಯಾಗುವುದಿಲ್ಲ. ಅದೇ 10, 15 ಆಂಪಿಯರ್ ಹರಿಯುತ್ತಿರುತ್ತದೆ. ಫ್ಯೂಸಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಆ ಸಡಿಲ ಜಾಯಿಂಟಿನಲ್ಲಿ ಬರೀ 0.1 ಓಮ್ ತಡೆ ಇದೆ ಅಂತಿಟ್ಟುಕೊಳ್ಳಿ. 15 ಆಂಪಿಯರ್ ಹರಿದಾಗ ಅಲ್ಲಿ 22.5 ವ್ಯಾಟ್ ಶಾಖ ಹುಟ್ಟುತ್ತದೆ. ಸಾಮಾನ್ಯವಾಗಿ ಬಳಸುವ ಚಿಕ್ಕ ಸೋಲ್ಡರಿಂಗ್ ಐರನ್ ಇರುವುದೇ 25 ವ್ಯಾಟ್. ಸೀಸ ಕರಗಿಸುವ ಆ ಕಡ್ಡಿಯನ್ನು ಗೋಡೆಯೊಳಗೆ ಇಟ್ಟು, ಗಂಟೆಗಟ್ಟಲೆ ಮರೆತುಬಿಟ್ಟರೆ ಹೇಗಿರುತ್ತದೆ? ಬಿಸಿಯಾದ ತಾಮ್ರದ ಮೇಲೆ ಕಿಲುಬು ಕಟ್ಟುತ್ತದೆ, ಅದರಿಂದ ತಡೆ ಇನ್ನೂ ಹೆಚ್ಚುತ್ತದೆ, ಶಾಖವೂ ಹೆಚ್ಚುತ್ತದೆ.

ನಮ್ಮ ಮನೆಯಲ್ಲಿ ಹೀಟರ್ ಹಾಕುತ್ತಿದ್ದ ಪ್ಲಗ್ ಪಾಯಿಂಟ್ ಹೊರಗಿನಿಂದ ನೋಡಲು ಚೆನ್ನಾಗಿಯೇ ಇತ್ತು. ಬಿಚ್ಚಿದಾಗ ಫೇಸ್ ವೈರ್, ಅಂದರೆ ಕರೆಂಟ್ ತರುವ ವೈರ್, ಕೆಂಪಗೆ ಹೊಸದರಂತಿತ್ತು. ನ್ಯೂಟ್ರಲ್ ವೈರಿನ ಮೇಲಿನ ಪಿವಿಸಿ ಎರಡು ಇಂಚಿನಷ್ಟು ಕರಕಲಾಗಿ ಬೆರಳು ತಾಗಿದರೆ ಉದುರುತ್ತಿತ್ತು. ಒಳಗಿನ ತಾಮ್ರ ನೇರಳೆ-ಕಪ್ಪು ಬಣ್ಣಕ್ಕೆ ತಿರುಗಿತ್ತು. ಸ್ಕ್ರೂ ಬರಿಗೈಯಲ್ಲೇ ಅರ್ಧ ಸುತ್ತು ತಿರುಗಿತು. ಆ ಅರ್ಧ ಸುತ್ತೇ ಎಲ್ಲಕ್ಕೂ ಕಾರಣ. ಅಲ್ಲಿಯವರೆಗೆ ಒಂದು ಸಲವೂ ಫ್ಯೂಸ್ ಹೋಗಿರಲಿಲ್ಲ.

ಹಾಗಾಗಿ ಹಳೆ ಮನೆಯ ಕೆಲಸ ಶುರುವಾಗಬೇಕಾದ್ದು ಜಾಯಿಂಟುಗಳಿಂದ. ಪ್ರತಿ ಸ್ವಿಚ್ ಬೋರ್ಡ್, ಪ್ರತಿ ಜಂಕ್ಷನ್ ಬಾಕ್ಸ್ ಬಿಚ್ಚಿ ನೋಡಿಸಿ. ಎರಡು ವೈರ್ ಹೊಸೆದು ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ತೆಗೆಸಿ, ಸರಿಯಾದ ಕನೆಕ್ಟರ್ ಹಾಕಿಸಿ. ಗಾರೆಯೊಳಗೆ ಮುಚ್ಚಿಹೋದ ಜಾಯಿಂಟ್ ಅಂತೂ ಇರಲೇಬಾರದು.

ಗೋಡೆಯೊಳಗೆ ಯಾವ ಕಾಲದ ವೈರ್ ಇದೆ ಅಂತ ಹೇಗೆ ತಿಳಿಯುವುದು?

ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಓಡಿಸಿದ ವೈರ್, ಬಟ್ಟೆ ಸುತ್ತಿದ ವೈರ್, ರಬ್ಬರ್ ಹೊದಿಕೆಯ ವೈರ್ ಕಂಡರೆ ಅದು ಪಿವಿಸಿ ಎಲ್ಲೆಡೆ ಬರುವ ಮೊದಲಿನದು. ರಬ್ಬರಿಗೆ ವಯಸ್ಸಾದರೆ ಅದು ಗಡುಸಾಗಿ ಬಿರುಕು ಬಿಡುತ್ತದೆ. ಮುಟ್ಟದೆ ಇರುವಷ್ಟು ದಿನ ಹಾಗೇ ನಿಂತಿರುತ್ತದೆ. ಲೈಟ್ ಬದಲಿಸಲು ಸ್ವಲ್ಪ ಬಗ್ಗಿಸಿದರೆ ಹೊದಿಕೆ ಚೂರುಚೂರಾಗಿ ಕೈಗೆ ಬರುತ್ತದೆ, ತಂತಿ ಬೆತ್ತಲೆಯಾಗುತ್ತದೆ. ಚಾವಣಿಯ ಬಲ್ಬ್ ಹೋಲ್ಡರ್ ಹತ್ತಿರದ ವೈರ್ ಎಲ್ಲಕ್ಕಿಂತ ಬೇಗ ಹಾಳಾಗುತ್ತದೆ. ವರ್ಷಗಟ್ಟಲೆ 100 ವ್ಯಾಟಿನ ಬಲ್ಬಿನ ಕಾವು ಕೆಳಗಿನಿಂದ ಏರಿ ಅದನ್ನು ಬೇಯಿಸಿರುತ್ತದೆ.

ಉತ್ತರ ಅಮೆರಿಕದ ಹಳೆ ಮನೆಗಳಲ್ಲಿ ಇನ್ನೊಂದು ಬಗೆ ಸಿಗುತ್ತದೆ. 1880ರ ಸುಮಾರಿನಿಂದ 1940ರ ದಶಕದವರೆಗೆ ಪಿಂಗಾಣಿ ಗುಂಡಿಗಳ ಮೇಲೆ ಒಂಟಿ ವೈರ್‌ಗಳನ್ನು ದೂರ ದೂರ ಕಟ್ಟಿ ಓಡಿಸುತ್ತಿದ್ದರು. ಅದರಲ್ಲಿ ಅರ್ಥಿಂಗ್ ವೈರೇ ಇಲ್ಲ. ಗಾಳಿಯಲ್ಲಿ ತಣ್ಣಗಾಗಲಿ ಅಂತ ಮಾಡಿದ ವ್ಯವಸ್ಥೆ ಅದು. ಅಟ್ಟದಲ್ಲಿ ಚಳಿ ತಡೆಯಲು ಹಾಸುವ ನಾರಿನ ಹೊದಿಕೆಯಿಂದ ಅದನ್ನು ಮುಚ್ಚಿದರೆ ಶಾಖ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.

ಪಿವಿಸಿ ಇದ್ದರೆ ಅಷ್ಟಕ್ಕೇ ಎಲ್ಲ ಸರಿ ಅಂತಲ್ಲ. ಸಾಮಾನ್ಯ ಪಿವಿಸಿ ವೈರಿನ ಮಿತಿ 70 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಜಾಸ್ತಿ ಕಾದು ಕಾದು ಬಂದ ವೈರ್ ಒಣಗಿ ಗಡುಸಾಗಿರುತ್ತದೆ. ಕಣ್ಣಂದಾಜು ಸಾಲದು, ಹೊದಿಕೆಯಿಂದ ಕರೆಂಟ್ ಸೋರುತ್ತದಾ ಅಂತ ನೋಡುವ ಇನ್ಸುಲೇಷನ್ ಟೆಸ್ಟ್ ಮಾಡಿಸಬೇಕು. ಎಲೆಕ್ಟ್ರಿಷಿಯನ್‌ಗಳು ಮೆಗ್ಗರ್ ಅನ್ನುವ ಮೀಟರಿನಿಂದ 500 ವೋಲ್ಟ್ ಡಿಸಿ ಹಾಕಿ ಅಳೆಯುತ್ತಾರೆ. 230 ವೋಲ್ಟಿನ ಸರ್ಕ್ಯೂಟಿಗೆ ಕನಿಷ್ಠ 1 ಮೆಗಾಓಮ್ (ಹತ್ತು ಲಕ್ಷ ಓಮ್) ತಡೆ ಬರಬೇಕು. ಒಳ್ಳೆ ವೈರಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಟೆಸ್ಟ್ ಮಾಡುವ ಮೊದಲು ಟಿವಿ, ಕಂಪ್ಯೂಟರ್, ಎಲ್‌ಇಡಿ ಲೈಟ್ ಎಲ್ಲ ಕಳಚಿರಬೇಕು. ಇಲ್ಲದಿದ್ದರೆ ಆ 500 ವೋಲ್ಟ್ ಅವುಗಳನ್ನೇ ಸುಡಬಹುದು.

ವೈರಿನ ಬಣ್ಣ ನೋಡಿ ಫೇಸ್ ಯಾವುದು, ನ್ಯೂಟ್ರಲ್ ಯಾವುದು ಅಂತ ಹೇಳಬಹುದಾ?

ಹಳೆ ಮನೆಯಲ್ಲಿ ಬಣ್ಣವನ್ನು ನಂಬಬೇಡಿ. ಕಪ್ಪು ವೈರನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಕಪ್ಪು ಅಂದರೆ ಫೇಸ್, ಬಿಳಿ ಅಂದರೆ ನ್ಯೂಟ್ರಲ್. ಬ್ರಿಟನ್ನಿನ ಹಳೆ ಪದ್ಧತಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಅಲ್ಲಿ 2004ರಲ್ಲಿ ಬಣ್ಣ ಬದಲಾಗಿ ಕಂದು ಫೇಸ್ ಆಯಿತು, ನೀಲಿ ನ್ಯೂಟ್ರಲ್ ಆಯಿತು. ಕಪ್ಪು ಈಗ ಅಲ್ಲಿ ತ್ರೀ ಫೇಸ್‌ನ ಒಂದು ಫೇಸ್! ಇನ್ನು ಮಧ್ಯದಲ್ಲಿ ಯಾರೋ ರಿಪೇರಿ ಮಾಡಿದವರು ಕೈಗೆ ಸಿಕ್ಕಿದ ಬಣ್ಣ ಹಾಕಿರುತ್ತಾರೆ.

ಸ್ಕ್ರೂಡ್ರೈವರ್ ಟೆಸ್ಟರನ್ನೂ ಪೂರ್ತಿ ನಂಬಬೇಡಿ. ಕರೆಂಟ್ ಇದ್ದೂ ಉರಿಯದೆ ಇರಬಹುದು, ಪಕ್ಕದ ವೈರಿನ ಪ್ರಭಾವದಿಂದ ಸುಮ್ನೆ ಉರಿಯಲೂಬಹುದು. ಎರಡು ಕಡ್ಡಿಯ ವೋಲ್ಟೇಜ್ ಟೆಸ್ಟರ್ ಒಳ್ಳೆಯದು. ಕರೆಂಟ್ ಇದೆ ಅಂತ ಖಚಿತವಾಗಿ ಗೊತ್ತಿರುವ ಕಡೆ ಮೊದಲು ಹಿಡಿದು ನೋಡಿ, ಆಮೇಲೆ ಬೇಕಾದ ಕಡೆ, ಕೊನೆಗೆ ಮತ್ತೆ ಮೊದಲಿನ ಕಡೆ. ಟೆಸ್ಟರೇ ಕೆಟ್ಟಿದ್ದರೆ ಆಗ ಗೊತ್ತಾಗುತ್ತದೆ.

ನಮ್ಮದು ಅಲ್ಯೂಮಿನಿಯಂ ವೈರ್. ತೆಗೆಸಲೇಬೇಕಾ?

ತೆಗೆಸಿದರೆ ಒಳ್ಳೆಯದು. ವೈರಿಗಿಂತ ಅದರ ತುದಿಗಳದ್ದೇ ತೊಂದರೆ. ಅಲ್ಯೂಮಿನಿಯಂ ಮೇಲೆ ಬೇಗ ಆಕ್ಸೈಡ್ ಪದರ ಕಟ್ಟುತ್ತದೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಬಿಸಿಯಾದಾಗ ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಸ್ಕ್ರೂ ಕೆಳಗೆ ಹಿಗ್ಗಿ ಕುಗ್ಗಿ ಕೊನೆಗೆ ಸಡಿಲವಾಗುತ್ತದೆ. ತಾಮ್ರ ದುಬಾರಿಯಾಗಿದ್ದ 1960ರ ದಶಕದ ಮಧ್ಯದಿಂದ 70ರ ದಶಕದ ಆರಂಭದವರೆಗೆ ಅಮೆರಿಕದ ಎಷ್ಟೋ ಮನೆಗಳಿಗೆ ಇದನ್ನೇ ಹಾಕಿದ್ದರು. ಆಮೇಲೆ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಎಚ್ಚರಿಕೆ ಕೊಟ್ಟಿತು: 1972ಕ್ಕಿಂತ ಮೊದಲು ತಯಾರಾದ ಅಲ್ಯೂಮಿನಿಯಂ ವೈರ್ ಇರುವ ಮನೆಗಳಲ್ಲಿ ಜಾಯಿಂಟ್ ಬೆಂಕಿ ಹೊತ್ತುವಷ್ಟು ಬಿಸಿಯಾಗುವ ಸಾಧ್ಯತೆ ತಾಮ್ರದ ಮನೆಗಳಿಗಿಂತ 55 ಪಟ್ಟು ಜಾಸ್ತಿ.

ಎಲ್ಲ ತೆಗೆಸಲು ಆಗದಿದ್ದರೆ ತುದಿಗಳಿಗೆ ಅದಕ್ಕೆಂದೇ ಮಾಡಿದ ಕನೆಕ್ಟರ್ ಹಾಕಿಸಬಹುದು. ತಾಮ್ರ ಮತ್ತು ಅಲ್ಯೂಮಿನಿಯಂ ಎರಡನ್ನೂ ನೇರವಾಗಿ ಹೊಸೆದು ಜೋಡಿಸಲು ಮಾತ್ರ ಯಾರಿಗೂ ಬಿಡಬೇಡಿ.

ಮನೆಯಲ್ಲಿ ಎರಡು ಪಿನ್ ಸಾಕೆಟ್‌ಗಳೇ ಇವೆ. ಮೂರು ಪಿನ್‌ನವು ಹಾಕಿಸಿದರೆ ಸಾಕಲ್ವಾ?

ಸಾಕಾಗುವುದಿಲ್ಲ. ಮೂರನೇ ತೂತಿನ ಹಿಂದೆ ಅರ್ಥಿಂಗ್ ವೈರ್ ಇಲ್ಲದಿದ್ದರೆ ಅದು ಬರೀ ತೂತು. ನೋಡಿದವರು ‘ಅರ್ಥಿಂಗ್ ಇದೆ’ ಅಂತ ನಂಬುತ್ತಾರೆ. ಹಾಗಾಗಿ ಎರಡು ಪಿನ್‌ನದಕ್ಕಿಂತ ಇದೇ ಹೆಚ್ಚು ಅಪಾಯ.

ಅರ್ಥಿಂಗ್ ಮಾಡುವ ಕೆಲಸ ಇಷ್ಟು. ವಾಷಿಂಗ್ ಮಷಿನ್ ಒಳಗೆ ಫೇಸ್ ವೈರ್ ಸವೆದು ಲೋಹದ ಮೈಗೆ ತಾಗಿತು ಅನ್ನಿ. ಅರ್ಥಿಂಗ್ ಇದ್ದರೆ ಆ ಕರೆಂಟ್ ಸುಲಭದ ದಾರಿ ಹಿಡಿದು ವಾಪಸ್ ಹರಿಯುತ್ತದೆ, ಜೋರಾಗಿ ಹರಿಯುತ್ತದೆ, ಎಂಸಿಬಿ ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಮಷಿನ್ ಓಡುತ್ತಲೇ ಇರುತ್ತದೆ. ಒದ್ದೆ ಕೈಯಲ್ಲಿ ಯಾರೋ ಮುಟ್ಟುವವರೆಗೆ.

ಎರಡು ಅಡ್ಡದಾರಿಗಳ ಬಗ್ಗೆ ಹೇಳಲೇಬೇಕು. ಮೊದಲನೆಯದು, ಸಾಕೆಟ್ ಒಳಗೆ ಅರ್ಥಿಂಗ್ ಪಿನ್ನಿಗೂ ನ್ಯೂಟ್ರಲ್‌ಗೂ ಒಂದು ತುಂಡು ವೈರ್ ಹಾಕಿ ಸೇರಿಸುವುದು. ಟೆಸ್ಟರ್ ಹಿಡಿದರೆ ಎಲ್ಲ ಸರಿ ಕಾಣುತ್ತದೆ. ಮುಂದೊಂದು ದಿನ ನ್ಯೂಟ್ರಲ್ ಕಿತ್ತುಹೋದರೆ ಫ್ರಿಜ್ಜಿನ ಇಡೀ ಮೈಗೆ ಫೇಸ್ ಬಂದು ಕೂರುತ್ತದೆ. ಇದು ಜೀವ ತೆಗೆಯುವ ಕೆಲಸ. ನಿಮ್ಮ ಮನೆಯಲ್ಲಿ ಹೀಗೆ ಮಾಡಿದ್ದಾರಾ ಅಂತ ಸಾಕೆಟ್ ಬಿಚ್ಚಿಸಿ ನೋಡಿ. ಎರಡನೆಯದು, ನೀರಿನ ಪೈಪಿಗೆ ಅರ್ಥಿಂಗ್ ಕೊಡುವುದು. ಕಬ್ಬಿಣದ ಪೈಪಿನ ಕಾಲದಲ್ಲಿ ಅದು ನಡೆಯುತ್ತಿತ್ತು. ಮಧ್ಯದಲ್ಲಿ ಒಂದು ತುಂಡು ಪ್ಲಾಸ್ಟಿಕ್ ಪೈಪ್ ಸೇರಿದ ದಿನವೇ ಅರ್ಥಿಂಗ್ ಹೋಯಿತು. ಯಾರಿಗೂ ಗೊತ್ತಾಗುವುದಿಲ್ಲ. ಗ್ಯಾಸ್ ಪೈಪಿಗೆ ಅರ್ಥಿಂಗ್ ಕೊಡುವುದಂತೂ ಯಾವ ಕಾಲಕ್ಕೂ ಬೇಡ.

ಅರ್ಥಿಂಗ್ ವ್ಯವಸ್ಥೆ ಎಲ್ಲ ದೇಶಗಳಲ್ಲೂ ಒಂದೇ ಥರ ಇರುವುದಿಲ್ಲ. ಕೆಲವು ಕಡೆ ಕಂಪನಿಯೇ ಕೊಡುತ್ತದೆ, ಕೆಲವು ಕಡೆ ಮನೆಯವರೇ ನೆಲಕ್ಕೆ ರಾಡ್ ಹೊಡೆಸಬೇಕು. ನಿಮ್ಮದು ಯಾವುದು ಅಂತ ತಿಳಿದ ಮೇಲೆಯೇ ಮುಂದಿನ ಕೆಲಸ.

ಎಂಸಿಬಿ ಹಾಕಿಸಿದ್ದೇವೆ. ಆರ್‌ಸಿಸಿಬಿಯೂ ಬೇಕಾ?

ಬೇಕು. ಎಂಸಿಬಿ ಕಾಪಾಡುವುದು ವೈರನ್ನು. ಆರ್‌ಸಿಸಿಬಿ ಕಾಪಾಡುವುದು ಮನುಷ್ಯರನ್ನು.

ಲೆಕ್ಕ ನೋಡಿ. ಸುಮಾರು 10 ಮಿಲಿಆಂಪಿಯರ್ ಹರಿದರೆ ಕೈ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಅದರ ಕೆಲವೇ ಪಟ್ಟು ಹೆಚ್ಚು ಕರೆಂಟ್ ಎದೆಯ ಮೂಲಕ ಹರಿದರೆ ಹೃದಯದ ಬಡಿತ ತಪ್ಪಿ ಸಾವು ಬರಬಹುದು. 16 ಆಂಪಿಯರ್‌ನ ಎಂಸಿಬಿ ಅಂದರೆ 16,000 ಮಿಲಿಆಂಪಿಯರ್. ನಿಮಗೆ ಶಾಕ್ ಹೊಡೆಯುತ್ತಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಆರ್‌ಸಿಸಿಬಿ ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಸದಾ ತೂಗುತ್ತಿರುತ್ತದೆ. ಎಲ್ಲೋ ಸ್ವಲ್ಪ ಸೋರಿತು, ಯಾರದೋ ಮೈಮೂಲಕ ನೆಲಕ್ಕೆ ಹೋಯಿತು ಅಂದರೆ ತೂಕ ತಪ್ಪುತ್ತದೆ. ಮನುಷ್ಯರ ರಕ್ಷಣೆಗೆ ಹಾಕುವುದು 30 ಮಿಲಿಆಂಪಿಯರ್‌ನದು. ಸೋರಿಕೆ ಅದರ ಐದು ಪಟ್ಟಾದರೆ 40 ಮಿಲಿಸೆಕೆಂಡಿನೊಳಗೆ ಕಡಿದು ಹಾಕುತ್ತದೆ. ಅಮೆರಿಕದಲ್ಲಿ ಇದೇ ತತ್ವದ ಜಿಎಫ್‌ಸಿಐ 5 ಮಿಲಿಆಂಪಿಯರ್ ಆಸುಪಾಸಿನಲ್ಲೇ ಬೀಳುತ್ತದೆ. ಅದನ್ನು 1961ರಲ್ಲಿ ರೂಪಿಸಿದವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್. ಮನುಷ್ಯ ಎಷ್ಟು ಕರೆಂಟ್ ತಡೆಯಬಲ್ಲ ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿದ್ದವರು ಅವರು.

ಒಂದು ಮಿತಿ ನೆನಪಿರಲಿ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು, ನೆಲಕ್ಕೆ ಏನೂ ಸೋರದಿದ್ದರೆ ಆರ್‌ಸಿಸಿಬಿ ಅದನ್ನು ಬಲ್ಬು ಅಂತಲೇ ತಿಳಿಯುತ್ತದೆ, ಬೀಳುವುದಿಲ್ಲ. ಲೋಡ್ ಹೆಚ್ಚಾದರೂ ಅದು ಬೀಳುವುದಿಲ್ಲ, ಅದಕ್ಕೆ ಎಂಸಿಬಿಯೇ ಬೇಕು. ಎರಡೂ ಒಂದರಲ್ಲೇ ಇರುವ ಆರ್‌ಸಿಬಿಒ ಸಿಗುತ್ತದೆ. ಸರ್ಕ್ಯೂಟಿಗೊಂದು ಹಾಕಿಸಲು ಕೈಯಲ್ಲಾದರೆ ಅದೇ ಉತ್ತಮ. ಒಂದು ಕಡೆ ತಪ್ಪಾದರೆ ಇಡೀ ಮನೆ ಕತ್ತಲಾಗುವುದಿಲ್ಲ.

ಆರ್‌ಸಿಸಿಬಿ ಮೇಲೆ ‘ಟಿ’ ಅಂತ ಒಂದು ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಬೀಳಬೇಕು. ಬೀಳದಿದ್ದರೆ ಬದಲಿಸಿ.

ಆರ್‌ಸಿಸಿಬಿ ಹಾಕಿಸಿದ ಮೇಲೆ ದಿನಾ ಬೀಳುತ್ತಿದೆ. ತೆಗೆಸಿಬಿಡಲಾ?

ದಯವಿಟ್ಟು ಬೇಡ. ಹೆಚ್ಚಿನ ಸಲ ಅದು ಹೇಳುತ್ತಿರುವುದು ನಿಜವೇ ಆಗಿರುತ್ತದೆ. ಮೊದಲೂ ಸೋರುತ್ತಿತ್ತು, ಈಗ ಗೊತ್ತಾಗುತ್ತಿದೆ ಅಷ್ಟೇ. ಗೀಸರ್ ಕಾಯಿಲ್, ಒದ್ದೆ ಗೋಡೆ, ಹೊರಗಿನ ಲೈಟಿನ ಒಳಗೆ ಸೇರಿದ ನೀರು, ಇಲಿ ಕಡಿದ ವೈರ್, ಇವೇ ಸಾಮಾನ್ಯ ಕಾರಣ. ಹಳೆ ಮನೆಯಲ್ಲಿ ಇನ್ನೊಂದಿದೆ: ಎರಡು ಸರ್ಕ್ಯೂಟಿನ ನ್ಯೂಟ್ರಲ್‌ಗಳು ಎಲ್ಲೋ ಒಂದು ಬೋರ್ಡಿನಲ್ಲಿ ಬೆರೆತಿರುತ್ತವೆ. ಫೇಸ್ ಈ ಕಡೆಯಿಂದ ಹೋಗಿ ನ್ಯೂಟ್ರಲ್ ಆ ಕಡೆಯಿಂದ ಬಂದರೆ ತೂಕ ತಪ್ಪದೆ ಇರುತ್ತದಾ?

ಎಲ್ಲ ಪ್ಲಗ್ ಕಿತ್ತು, ಎಲ್ಲ ಎಂಸಿಬಿ ಆಫ್ ಮಾಡಿ, ಒಂದೊಂದಾಗಿ ಆನ್ ಮಾಡುತ್ತ ಬನ್ನಿ. ಯಾವುದು ಆನ್ ಮಾಡಿದಾಗ ಬೀಳುತ್ತದೋ ತಪ್ಪು ಅಲ್ಲಿದೆ. ಆಫ್ ಮಾಡಿದ್ದರೂ ಬಿದ್ದರೆ ನ್ಯೂಟ್ರಲ್ ಕಡೆ ಹುಡುಕಬೇಕು.

ಎಂಸಿಬಿ ಪದೇ ಪದೇ ಬೀಳುತ್ತದೆ. 16ರ ಬದಲು 32 ಹಾಕಿದರೆ?

ಬೀಳುವುದು ನಿಲ್ಲುತ್ತದೆ. ವೈರ್ ಬೇಯಲು ಶುರುವಾಗುತ್ತದೆ. ಫ್ಯೂಸಿಗೆ ದಪ್ಪ ತಂತಿ ಕಟ್ಟುವುದೂ ಇದೇ. ಎಂಸಿಬಿಯ ಆಂಪಿಯರ್ ನಿರ್ಧಾರವಾಗುವುದು ವೈರಿನ ದಪ್ಪದಿಂದ, ನಮ್ಮ ಅನುಕೂಲದಿಂದ ಅಲ್ಲ.

ಎಲ್ಲ ಒಟ್ಟಿಗೆ ಮಾಡಿಸಲು ದುಡ್ಡಿಲ್ಲ. ಯಾವುದು ಮೊದಲು?

ಹಂತಹಂತವಾಗಿ ಮಾಡಬಹುದು, ನಾವೂ ಹಾಗೇ ಮಾಡಿದ್ದು. ಮೊದಲ ದುಡ್ಡು ಮೇನ್ ಬೋರ್ಡ್, ಅರ್ಥಿಂಗ್, ಆರ್‌ಸಿಸಿಬಿಗೆ ಹೋಗಲಿ. ಜೊತೆಗೇ ಸಡಿಲ ಜಾಯಿಂಟುಗಳ ರಿಪೇರಿ. ಗೋಡೆ ಹೆಚ್ಚು ಒಡೆಯದೆ ಇಷ್ಟು ಮಾಡಿಸಬಹುದು. ಮನೆಮಂದಿಯ ಜೀವಕ್ಕೆ ಇಷ್ಟರಿಂದಲೇ ದೊಡ್ಡ ರಕ್ಷಣೆ ಸಿಗುತ್ತದೆ. ಎರಡನೇ ಸಲ ಅಡುಗೆಮನೆ, ಬಚ್ಚಲುಮನೆ, ಏಸಿ, ಗೀಸರ್. ಭಾರದ ಸಾಮಾನೂ ನೀರೂ ಇರುವ ಜಾಗಗಳು ಅವು. ಲೈಟು ಫ್ಯಾನಿನ ವೈರಿಂಗ್ ಮೂರನೆಯದು. ಆದರೆ ರಬ್ಬರ್ ಹೊದಿಕೆ ಉದುರುತ್ತಿದ್ದರೆ ಅದೂ ಮೊದಲ ಸಾಲಿಗೇ ಬರಬೇಕು.

ಚಂದದ ಸ್ವಿಚ್ ಪ್ಲೇಟ್, ಬಣ್ಣದ ಲೈಟು, ಫೋನಿನಿಂದ ನಡೆಯುವ ಸ್ವಿಚ್ ಎಲ್ಲ ಕೊನೆಗೆ. ಬರುವ ನೆಂಟರ ಕಣ್ಣಿಗೆ ಬೀಳುವುದು ಇವೇ, ಹಾಗಾಗಿ ದುಡ್ಡು ಮೊದಲು ಇಲ್ಲಿಗೇ ಹರಿಯುತ್ತದೆ. ನನಗೆ ಇದನ್ನು ನೋಡಿದರೆ ಸಂಕಟವಾಗುತ್ತದೆ. ಹೊಳೆಯುವ ಹೊಸ ಪ್ಲೇಟಿನ ಹಿಂದೆ ಅದೇ ಒಣಗಿದ ವೈರ್, ಅದೇ ಟೇಪ್ ಸುತ್ತಿದ ಜಾಯಿಂಟ್.

ಹಳೆ ಮೇನ್ ಬೋರ್ಡ್ ತೆಗೆಸುವಾಗ ಎರಡು ಸಂಗತಿ ಗಮನದಲ್ಲಿರಲಿ. ಹಳೇ ಕಾಲದ ಕೆಲವು ಫ್ಯೂಸ್ ಬಾಕ್ಸುಗಳ ಒಳಗೆ ಶಾಖ ತಡೆಯಲು ಕಲ್ನಾರಿನ ಹಾಳೆ ಇಟ್ಟಿರುತ್ತಿದ್ದರು. ಅದನ್ನು ಒಡೆಯಬೇಡಿ, ಕೆರೆಯಬೇಡಿ, ಧೂಳು ಉಸಿರಿಗೆ ಹೋಗಬಾರದು. ಇನ್ನೊಂದು, ಕೆಲವು ಹಳೆ ಬೋರ್ಡುಗಳಲ್ಲಿ ನ್ಯೂಟ್ರಲ್‌ಗೂ ಫ್ಯೂಸ್ ಇರುತ್ತದೆ. ಆ ಫ್ಯೂಸ್ ಹೋದರೆ ಲೈಟ್ ಆರುತ್ತದೆ, ಫೇಸ್ ಹಾಗೇ ಇರುತ್ತದೆ. ಕರೆಂಟ್ ಇಲ್ಲ ಅಂದುಕೊಂಡು ಕೈ ಹಾಕಿದವರಿಗೆ ಅಪಾಯ.

ಎಷ್ಟು ದಪ್ಪದ ವೈರ್ ಬೇಕು? ಎಷ್ಟು ಸರ್ಕ್ಯೂಟ್?

230 ವೋಲ್ಟಿನ ದೇಶಗಳಲ್ಲಿ ಲೈಟಿಗೆ 1.5, ಸಾಮಾನ್ಯ ಪ್ಲಗ್ಗುಗಳಿಗೆ 2.5, ಗೀಸರ್ ಏಸಿಯಂಥವಕ್ಕೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಸಾಮಾನ್ಯವಾಗಿ ಹಾಕುತ್ತಾರೆ. ಇದು ಅಂದಾಜಿಗೆ ಮಾತ್ರ. ವೈರ್ ಎಷ್ಟು ಉದ್ದ ಹೋಗುತ್ತದೆ, ಪೈಪಿನಲ್ಲಿ ಎಷ್ಟು ವೈರ್ ಒಟ್ಟಿಗಿವೆ, ಜಾಗ ಎಷ್ಟು ಬಿಸಿ ಅನ್ನುವುದರ ಮೇಲೆ ಬದಲಾಗುತ್ತದೆ. ಜಾಸ್ತಿ ವ್ಯಾಟಿನ ಪ್ರತಿಯೊಂದಕ್ಕೂ ಮೇನ್ ಬೋರ್ಡಿನಿಂದಲೇ ಬೇರೆ ಲೈನ್ ಇರಲಿ. ಕೋಣೆಯ ಲೈಟೂ ಪ್ಲಗ್ಗೂ ಒಂದೇ ಎಂಸಿಬಿಯಲ್ಲಿ ಬೇಡ. ಪ್ಲಗ್ ಲೈನ್ ಬಿದ್ದಾಗ ಕತ್ತಲಲ್ಲಿ ತಡಕಾಡುವಂತಾಗಬಾರದು.

ಪ್ಲಗ್ ಪಾಯಿಂಟ್ ಕೇಳುವಾಗ ಕಂಜೂಸಿ ಬೇಡ. ಎಕ್ಸ್‌ಟೆನ್ಷನ್ ಬಾಕ್ಸ್ ಕಾಯಂ ಆಗಿ ಬಿದ್ದಿರುವ ಜಾಗವೆಲ್ಲ ಹೊಸ ಪಾಯಿಂಟ್ ಬೇಕಾದ ಜಾಗ.

ಗೋಡೆ ಒಡೆಯದೆ ಮಾಡಲು ಆಗಲ್ವಾ?

ಪೈಪ್ ಒಳಗೆ ಚೆನ್ನಾಗಿದ್ದರೆ ಹಳೆ ವೈರಿನ ತುದಿಗೇ ಹೊಸದನ್ನು ಕಟ್ಟಿ ಎಳೆದುಕೊಳ್ಳಬಹುದು. ತುಕ್ಕು ಹಿಡಿದ ಕಬ್ಬಿಣದ ಪೈಪಾದರೆ ವೈರ್ ಅಲ್ಲಾಡುವುದೇ ಇಲ್ಲ. ಬಲವಂತ ಮಾಡಿದರೆ ಹೊಸ ವೈರಿನ ಹೊದಿಕೆ ಒಳಗೇ ಕೆತ್ತಿಹೋಗುತ್ತದೆ. ಅಲ್ಲಿ ಗೋಡೆಯ ಮೇಲೆ ಪಿವಿಸಿ ಕೇಸಿಂಗ್ ಪಟ್ಟಿ ಓಡಿಸುವುದು ವಾಸಿ. ಕಾಣಲು ಅಷ್ಟು ಚಂದವಿಲ್ಲ ಅನ್ನುತ್ತಾರೆ. ನನಗಂತೂ ಇಷ್ಟ. ನಾಳೆ ರಿಪೇರಿ ಬಂದರೆ ಮುಚ್ಚಳ ತೆಗೆದರೆ ಸಾಕು.

ಕೊರೆಯಲೇಬೇಕಾದರೆ ಗೆರೆ ನೆಟ್ಟಗೆ ಮೇಲೆ-ಕೆಳಗೆ ಇರಲಿ, ಓರೆಯಾಗಿ ಬೇಡ. ಮುಂದೆ ಮೊಳೆ ಹೊಡೆಯುವವರಿಗೆ ವೈರ್ ಎಲ್ಲಿದೆ ಅಂತ ಊಹಿಸಲು ಆಗಬೇಕು. ಬ್ರಿಟನ್ನಿನ ನಿಯಮ ಒಳ್ಳೆಯ ಅಳತೆ: ನೆಟ್ಟಗಿನ ಗೆರೆ ಗೋಡೆಯ ದಪ್ಪದ ಮೂರನೇ ಒಂದು ಭಾಗಕ್ಕಿಂತ, ಅಡ್ಡಗೆರೆ ಆರನೇ ಒಂದು ಭಾಗಕ್ಕಿಂತ ಆಳ ಹೋಗಬಾರದು. ಕಂಬ, ತೊಲೆ ಮುಟ್ಟಲೇಬಾರದು. ಗಾರೆ ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಅಳತೆ ಟೇಪನ್ನು ಗೋಡೆಗೆ ಹಿಡಿದುಕೊಂಡೇ ತೆಗೆಯಿರಿ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ವರ್ಷಗಳ ನಂತರವೂ ತಿಳಿಯುತ್ತದೆ.

ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಬಲ್ಬ್ ಮಿಣಿಮಿಣಿ ಅನ್ನುತ್ತದೆ. ಯಾಕೆ?

ಹೆಚ್ಚಾಗಿ ಎರಡು ಕಾರಣ. ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ಮೇಲೆ ಇರಬಹುದು. ಇದು ಸರಿಪಡಿಸಲೇಬೇಕಾದ ತಪ್ಪು. ಆಫ್ ಮಾಡಿದ ಮೇಲೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ, ಬಲ್ಬ್ ಬದಲಿಸುವವರಿಗೆ ಶಾಕ್. ಇಲ್ಲವೇ ಸ್ವಿಚ್ಚಿನ ಒಳಗಿನ ಚಿಕ್ಕ ಇಂಡಿಕೇಟರ್ ದೀಪದ ಮೂಲಕ ಅಥವಾ ಪಕ್ಕಪಕ್ಕದ ವೈರುಗಳಿಂದ ಒಂದಿಷ್ಟು ಕರೆಂಟ್ ನುಸುಳುತ್ತಿರಬಹುದು. ಅದರಿಂದ ಅಪಾಯವಿಲ್ಲ.

ಫೋನಿನಿಂದ ನಡೆಯುವ ಸ್ವಿಚ್, ಸೋಲಾರ್, ಕಾರ್ ಚಾರ್ಜರ್ ಮುಂದೆ ಹಾಕಿಸುವ ಯೋಚನೆ ಇದೆ. ಈಗಲೇ ಏನು ಮಾಡಿಡಬೇಕು?

ಪ್ರತಿ ಸ್ವಿಚ್ ಬೋರ್ಡಿಗೂ ನ್ಯೂಟ್ರಲ್ ಎಳೆಸಿಡಿ. ಹಳೆ ಮನೆಗಳಲ್ಲಿ ಅದು ಸ್ವಿಚ್ ತನಕ ಬಂದಿರುವುದೇ ಇಲ್ಲ. ಹೆಚ್ಚಿನ ಸ್ಮಾರ್ಟ್ ಸ್ವಿಚ್ಚುಗಳಿಗೆ ಅದು ಬೇಕು. ಮೇನ್ ಬೋರ್ಡಿನಲ್ಲಿ ನಾಲ್ಕಾರು ಜಾಗ ಖಾಲಿ ಬಿಡಿಸಿ. ಕಾರ್ ನಿಲ್ಲಿಸುವ ಜಾಗದವರೆಗೆ, ಮೇಲ್ಚಾವಣಿಯವರೆಗೆ ಖಾಲಿ ಪೈಪ್ ಹಾಕಿಸಿ, ಒಳಗೊಂದು ದಾರ ಬಿಟ್ಟಿಡಿ.

230 ವೋಲ್ಟಿನಲ್ಲಿ ಕಾರ್ ಚಾರ್ಜರ್ 32 ಆಂಪಿಯರ್ ಎಳೆದರೆ ಸುಮಾರು 7.4 ಕಿಲೋವ್ಯಾಟ್. ಓವನ್ ಕಾದ ಮೇಲೆ ನಿಲ್ಲುತ್ತದೆ, ಇದು ರಾತ್ರಿಯಿಡೀ ಪೂರ್ತಿ ಭಾರ ಎಳೆಯುತ್ತದೆ. ಒಂದು ಜಾಯಿಂಟ್ ಸ್ವಲ್ಪ ಸಡಿಲವಿದ್ದರೂ ಇಲ್ಲಿ ಬೇಗ ಸುಡುತ್ತದೆ. ಅದಕ್ಕೆ ಬೇರೆಯೇ ಲೈನು, ಬೇರೆಯೇ ಆರ್‌ಸಿಸಿಬಿ ಬೇಕು. ಮನೆಗೆ ಮಂಜೂರಾದ ಲೋಡ್ ಸಾಕಾ ಅಂತ ಕಂಪನಿಯನ್ನು ಕೇಳಿ.

ಮಿಂಚಿನಿಂದ, ಲೈನಿನ ಏರಿಳಿತದಿಂದ ಸಾಮಾನು ಉಳಿಸಲು ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಬಹುದು. ಅದಕ್ಕೂ ಅರ್ಥಿಂಗ್ ಚೆನ್ನಾಗಿರಬೇಕು.

ಇದನ್ನೆಲ್ಲ ನಾನೇ ಮಾಡಿಕೊಳ್ಳಬಹುದಾ?

ಎಷ್ಟೋ ದೇಶಗಳಲ್ಲಿ ಕಾನೂನೇ ಬಿಡುವುದಿಲ್ಲ. ಬಿಟ್ಟರೂ ಬೇಡ ಅನ್ನುತ್ತೇನೆ. ವೈರ್ ಜೋಡಿಸುವುದು ಕಲಿಯಬಹುದು. ಆದರೆ ಜೋಡಿಸಿದ್ದು ಸರಿಯಿದೆಯಾ ಅಂತ ಅಳೆದು ನೋಡಲು ಮೀಟರೂ ಬೇಕು, ಅನುಭವವೂ ಬೇಕು.

ನೀವು ಮಾಡಬಹುದಾದ ಕೆಲಸ ಬೇರೆ ಇದೆ. ಒಂದೊಂದೇ ಎಂಸಿಬಿ ಆಫ್ ಮಾಡಿ ಯಾವ ಯಾವ ಪಾಯಿಂಟ್ ಆರುತ್ತದೆ ಅಂತ ಬರೆದಿಡಿ. ಹೀಟರ್ ಓಡಿದ ಅರ್ಧ ಗಂಟೆಯ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಎಲ್ಲ ಭಾರದ ಸಾಮಾನುಗಳ ವ್ಯಾಟ್ ಪಟ್ಟಿ ಮಾಡಿ. ಎಲೆಕ್ಟ್ರಿಷಿಯನ್ ಬಂದಾಗ ಈ ಎರಡು ಹಾಳೆ ಕೈಗೆ ಕೊಟ್ಟರೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಎಲೆಕ್ಟ್ರಿಷಿಯನ್ ಒಳ್ಳೆಯವರಾ ಅಂತ ಹೇಗೆ ಗೊತ್ತಾಗುತ್ತದೆ?

ಲೈಸೆನ್ಸ್ ಕೇಳಿ. ಆಮೇಲೆ ಒಂದು ಪ್ರಶ್ನೆ ಕೇಳಿ: ‘ಕೆಲಸ ಮುಗಿದ ಮೇಲೆ ಯಾವ ಯಾವ ಟೆಸ್ಟ್ ಮಾಡುತ್ತೀರಿ?’ ಅರ್ಥಿಂಗ್ ಎಲ್ಲ ಸಾಕೆಟ್ಟಿಗೂ ತಲುಪಿದೆಯಾ, ಇನ್ಸುಲೇಷನ್ ಎಷ್ಟು, ಫೇಸ್-ನ್ಯೂಟ್ರಲ್ ಅದಲುಬದಲಾಗಿಲ್ಲವಾ, ಆರ್‌ಸಿಸಿಬಿ ಎಷ್ಟು ಮಿಲಿಸೆಕೆಂಡಿನಲ್ಲಿ ಬಿತ್ತು, ಇವಿಷ್ಟಾದರೂ ಬಾಯಲ್ಲಿ ಬರಬೇಕು. ‘ಲೈಟ್ ಹಾಕಿ ತೋರಿಸುತ್ತೇನೆ’ ಅಂದರೆ ಬೇರೆಯವರನ್ನು ನೋಡಿ. ಟೆಸ್ಟಿನ ಅಂಕಿಗಳನ್ನು ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ಯಾವ ಸರ್ಕ್ಯೂಟ್ ಎಲ್ಲಿಗೆ ಅನ್ನುವ ಪಟ್ಟಿಯನ್ನು ಮೇನ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಲು ಹೇಳಿ.

ಕೆಲಸ ನಡೆಯುವಾಗ ಮನೆಯಲ್ಲೇ ಇರಬಹುದಾ?

ಹಂತಹಂತವಾಗಿ ಮಾಡಿದರೆ ಇರಬಹುದು. ಧೂಳು ವಿಪರೀತ. ಪುಟ್ಟ ಮಕ್ಕಳು, ಉಸಿರಾಟದ ತೊಂದರೆ ಇರುವವರು ಇದ್ದರೆ ಬೇರೆ ಕಡೆ ಇರಿಸಿ. ಸಂಜೆ ಕೆಲಸ ನಿಲ್ಲಿಸುವಾಗ ತೆರೆದಿಟ್ಟ ವೈರಿನ ತುದಿ ಒಂದೂ ಉಳಿಯಬಾರದು. ನೀವೇ ಒಂದು ಸುತ್ತು ಬಂದು ನೋಡಿ.

ಎಲ್ಲ ಮುಗಿಯಿತು. ಮತ್ತೆ ಯಾವಾಗ ನೋಡಿಸಬೇಕು?

ಬ್ರಿಟನ್ನಿನಲ್ಲಿ ಸ್ವಂತ ಮನೆಗೆ 10 ವರ್ಷಕ್ಕೊಮ್ಮೆ, ಬಾಡಿಗೆ ಮನೆಗೆ 5 ವರ್ಷಕ್ಕೊಮ್ಮೆ ಅಂತ ಹೇಳುತ್ತಾರೆ. ವೈರ್ ಪೂರ್ತಿ ಹೊಸದಾಗಿದ್ದರೆ ಈ ಲೆಕ್ಕ ಸಾಕು. ಅರ್ಧ ಹಳೆಯದು ಉಳಿದಿದ್ದರೆ ಇನ್ನೂ ಬೇಗ ನೋಡಿಸಿ. ಮನೆಯೊಳಗೆ ನೆರೆ ನೀರು ನುಗ್ಗಿದರೆ, ಪಕ್ಕದಲ್ಲಿ ಸಿಡಿಲು ಬಿದ್ದರೆ, ಬೆಂಕಿ ಆಕಸ್ಮಿಕವಾದರೆ ವರ್ಷದ ಲೆಕ್ಕ ನೋಡದೆ ಕರೆಸಿ. ಹೊಸದಾಗಿ ದೊಡ್ಡ ಸಾಮಾನು ತಂದಾಗಲೂ ಅಷ್ಟೇ. ಮೊದಲ ಸಲದ ಟೆಸ್ಟ್ ಹಾಳೆ ಇಟ್ಟುಕೊಂಡಿದ್ದರೆ ಅದರ ಪಕ್ಕದಲ್ಲಿ ಹೊಸ ಅಂಕಿ ಬರೆಯಬಹುದು. ಅಂದು 200 ಮೆಗಾಓಮ್ ಇದ್ದದ್ದು ಈಗ 5ಕ್ಕೆ ಇಳಿದಿದ್ದರೆ, 1ಕ್ಕಿಂತ ಮೇಲಿದೆ ಅಂತ ಸುಮ್ಮನಾಗಬೇಡಿ. ಆ ಲೈನಿನಲ್ಲಿ ಎಲ್ಲಿ ನೀರು ಸೇರುತ್ತಿದೆ ಅಂತ ಅವತ್ತೇ ಹುಡುಕಿಸಿ.